ಶವಯಾತ್ರೆ ಎಡಬದಿಯಲ್ಲಿ ಸಾಗಲಿ

ತಮಟೆ ಕಾಯಿಸಲು ಕಾಡಪ್ಪ ಕಡ್ಡಿ ಗೀರಿ ಪತ್ರಿಕೆಯ ಅಂಚಿಗೆ ಹಿಡಿಯುವಷ್ಟರಲ್ಲಿ ಗದಿಗೆಪ್ಪ ಅದನ್ನು ಅವನ ಕೈಯಿಂದ ಕಿತ್ತುಕೊಂಡರು.

"ಏ, ತಡಿಯೋ ಮಾರಾಯಾ! ಇದು ಇವತ್ತಿಂದು ಐತಿ."

"ಗೇಟ್ ಹತ್ರ ಬಿದ್ದಿತ್ತು ಸಾರ್. ಇವತ್ತು ಈ ಮನೇಲಿ ಯಾರು ಪೇಪರ್ ಓದ್ತಾರೆ ಅಂತ..."

ಗದಿಗೆಪ್ಪ ಅಭ್ಯಾಸದಂತೆ ನೇರವಾಗಿ ಆರನೆಯ ಪುಟ ತೆರೆದರು. ವಾಚಕರ ಪತ್ರಗಳು ಬರುವ ಪುಟ ಅದು. ಗೆಳೆಯನ ಪತ್ರ ಅಚ್ಚಾಗಿದ್ದರೆ ಸಂಜೆಯ ಜಗಳಕ್ಕೆ ತಯಾರಾಗಬೇಕಿತ್ತಾದ್ದರಿಂದ ಮೂವತ್ತು ವರ್ಷಗಳಿಂದ ಅವರು ಪತ್ರಿಕೆಯನ್ನು ಅಲ್ಲಿಂದಲೇ ಓದಲು ಶುರು ಮಾಡುತ್ತಿದ್ದರು. ಎಡಗಡೆಯ ಮೂರನೆಯ ಪತ್ರದ ಮೇಲೆ ಅವರ ಕಣ್ಣು ನಿಂತಿತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಪ್ರಭಾ! ಬಾ ಇಲ್ಲೆ. ನಿಮ್ಮಪ್ಪಂದು ಬಂದೈತವಾ!"

ಪ್ರಭಾಳ ಅಪ್ಪ ಚಿಕ್ಕಬೈರಪ್ಪ ಒಳಗೆ, ನಡುಮನೆಯ ಚಾಪೆಯ ಮೇಲೆ ಮಲಗಿದ್ದರು. ಹಿಂದಿನ ಮಧ್ಯಾಹ್ನ ಎರಡೂಕಾಲಿಗೆ, ಊಟವಾದ ಮೇಲೆ, ಕುರ್ಚಿಯಲ್ಲಿ ಕುಳಿತಂತೆಯೇ ಅವರು ಹೋಗಿಬಿಟ್ಟಿದ್ದರು. ವಯಸ್ಸು ಎಪ್ಪತ್ತೊಂದು. ಹನ್ನೊಂದು ಗಂಟೆಗೆ ಎತ್ತುವುದೆಂದು ನಿಶ್ಚಯವಾಗಿತ್ತು. ಈಗ ಒಂಬತ್ತು ನಲವತ್ತು.

ಪ್ರಭಾ ಹೊರಗೆ ಬಂದು ಪತ್ರಿಕೆ ತೆಗೆದುಕೊಂಡಳು. ಬೀದಿಯಲ್ಲಿ ಕುರ್ಚಿ ಹಾಕಿಕೊಂಡಿದ್ದವರೆಲ್ಲ ತಿರುಗಿ ನೋಡಿದರು. ಅವಳು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ತರಗತಿಗೆ ಓದುವಂತೆ ಗಟ್ಟಿಯಾಗಿ ಓದಿದಳು.

"ಶವಯಾತ್ರೆ ಎಡಬದಿಯಲ್ಲಿ ಸಾಗಲಿ. ಮಾನ್ಯರೆ, ನಮ್ಮ ಬಡಾವಣೆಗಳಲ್ಲಿ ಇತ್ತೀಚೆಗೆ ಶವಯಾತ್ರೆಗಳು ಇಡೀ ರಸ್ತೆಯನ್ನು ಆಕ್ರಮಿಸುತ್ತಿವೆ. ಪಟಾಕಿ, ಧ್ವನಿವರ್ಧಕ, ರಸ್ತೆಯುದ್ದಕ್ಕೂ ಎಸೆದ ಹೂವು, ಆ ಹೂವಿನ ಮೇಲೆ ಜಾರಿಬೀಳುವ ದ್ವಿಚಕ್ರ ಸವಾರರು. ಬದುಕಿದ್ದಷ್ಟು ಕಾಲ ಎಡಬದಿಯಲ್ಲಿ ನಡೆದವನು ಕೊನೆಯ ದಿನ ಮಾತ್ರ ಬಲಬದಿಗೆ ಹೋಗಲು ಯಾವ ಕಾರಣವೂ ಇಲ್ಲ. ಶವಯಾತ್ರೆಯೂ ಕೆಂಪು ದೀಪಕ್ಕೆ ನಿಲ್ಲಲಿ; ಸತ್ತವರಿಗೆ ಅವಸರವಿರುವುದಿಲ್ಲ. ಸದ್ದು ಬೇಡ. ಎಂ. ಚಿಕ್ಕಬೈರಪ್ಪ, ಬಾಗಲಗುಂಟೆ."

ಹಿಂದಿನ ಸಾಲಿನಲ್ಲಿ ಯಾರೋ ಟವಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕೆಮ್ಮಿದಂತೆ ನಟಿಸಿದರೂ ಸಾಲಲಿಲ್ಲ, ಪಕ್ಕದವರಿಗೂ ಅಂಟಿತು.

"ನೋಡ್ರಿ ಈ ಮನುಷ್ಯಾನ್ನ," ಎಂದರು ಗದಿಗೆಪ್ಪ. "ಹೋದ ಮ್ಯಾಲೂ ನಮ್ಮನ್ನ ಸಾಲಿನ್ಯಾಗ ನಿಲ್ಲಸ್ತಾನ."

ಬಾಗಿಲ ಬಳಿ ಕುಳಿತಿದ್ದ ಮಾರಕ್ಕ ಕಿವಿಗೆ ಕೈ ಹಿಡಿದಳು. ಸತ್ತವನ ಅಕ್ಕ, ಎಪ್ಪತ್ತೆಂಟು ವರ್ಷ. ಹೆಸರಘಟ್ಟದ ಕಡೆಯ ಊರಿನಿಂದ ತಮಟೆ ತಂಡವನ್ನು ತಾನೇ ಮುಂದೆ ನಿಂತು ಕರೆದುಕೊಂಡು ಬಂದಿದ್ದಳು.

"ಏನಂತೆ?"

"ಸದ್ದು ಬೇಡ ಅಂತೆ ಅತ್ತೆ."

"ಯಾರಂತೆ ಇಂಗ್ ಅನ್ನಾಕೆ?"

"ಅಪ್ಪಾನೇ. ಪೇಪರಲ್ಲಿ ಬರ್ದಿದ್ದಾರೆ."

"ಅವ್ನು ಒಳಗೆ ಮಲಗವ್ನೆ. ಪೇಪರ್‌ನಾಗೆ ಯಾವಾಗ ಎದ್ದ?"

ಈ ಸಲ ನಗು ತಡೆಯಲು ಯಾರೂ ಪ್ರಯತ್ನಿಸಲಿಲ್ಲ. ಮಾರಕ್ಕ ಮಾತ್ರ ನಗಲಿಲ್ಲ.

"ಕೇಳ್ರಪ್ಪ. ನಮ್ಮಪ್ಪನ್ನ ಕಳಿಸ್ದಾಗ ಜಡಿಮಳೆ. ತಮಟೆ ನೆಂದೋಗಿ ಒಂದೇಟೂ ಏಳ್ನಿಲ್ಲ. ಸದ್ದಿಲ್ದಂಗೆ ಮಣ್ಣು ಮಾಡಿ ಬಂದ್ವಿ. ಇವ್ನನ್ನೂ ಅಂಗೇ ಕಳ್ಸಾಕೆ ಇವ್ನೇನ್ ಕಳ್ಳನಾ? ತಮಟೆ ಇಲ್ದಿದ್ರೆ ನಾನು ಈ ಒಸ್ಲು ಬಿಟ್ಟು ಕದಲಾಕಿಲ್ಲ."

ಪ್ರಭಾ ಅಮ್ಮನ ಕಡೆ ನೋಡಿದಳು. ಅನುಸೂಯಮ್ಮ ಗಂಡನ ತಲೆಯ ಬಳಿ ಕುಳಿತು, ಅವರ ಅಂಗಿಯ ಕಾಲರನ್ನು ಆರನೆಯ ಬಾರಿಯೋ ಏಳನೆಯ ಬಾರಿಯೋ ಸರಿಪಡಿಸುತ್ತಿದ್ದರು.

"ನಲವತ್ತು ವರ್ಷ ಬರೆದ್ರು," ಎಂದರು ಅವರು ತಲೆ ಎತ್ತದೆ. "ಒಬ್ರೂ ಒಂದು ಮಾತೂ ನಡೆಸ್ಲಿಲ್ಲ ಕಣೆ. ನಾನೂ ನಡೆಸ್ಲಿಲ್ಲ. ಇದೊಂದನ್ನಾದ್ರೂ ನಡೆಸೋಣ."

ಪ್ರಭಾಳಿಗೆ ಎರಡೂ ಸರಿ ಎನಿಸಿತು. ಅತ್ತೆಯನ್ನು ಹೊಸ್ತಿಲಲ್ಲಿ ಬಿಟ್ಟು ಅಪ್ಪನನ್ನು ಕಳುಹಿಸುವುದು ಸಾಧ್ಯವಿರಲಿಲ್ಲ; ಅಪ್ಪ ಕೈಯಾರೆ ಬರೆದ ಕೊನೆಯ ಮಾತನ್ನು ಅವರ ಎದುರಿನಲ್ಲೇ ಮುರಿಯುವುದೂ ಸಾಧ್ಯವಿರಲಿಲ್ಲ. ಹನ್ನೊಂದಕ್ಕೆ ಇನ್ನು ಒಂದು ಗಂಟೆ ಹನ್ನೆರಡು ನಿಮಿಷ ಉಳಿದಿತ್ತು.

*

ಚಿಕ್ಕಬೈರಪ್ಪ ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರಾಗಿದ್ದರು. ಅವರ ಮೇಜಿನ ಮೇಲೆ ಎರಡು ತುದಿಗಳ ಒಂದು ಉಕ್ಕಿನ ಗೇಜು ಇರುತ್ತಿತ್ತು. ಕೊರೆದ ತೂತಿನೊಳಗೆ ಒಂದು ತುದಿ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಕೂಡದು. ಎರಡೂ ಹೋದರೆ ತೂತು ಸಡಿಲ, ಎರಡೂ ಹೋಗದಿದ್ದರೆ ಬಿಗಿ. ಮೂವತ್ತನಾಲ್ಕು ವರ್ಷ ಹೀಗೆ ಪರೀಕ್ಷಿಸಿದ ಮೇಲೆ ಅವರಿಗೆ ದೇಶವೂ ಒಂದು ಯಂತ್ರದಂತೆಯೇ ಕಾಣತೊಡಗಿತ್ತು. ಅದಕ್ಕೆ ಬಂದಿರುವುದು ದೊಡ್ಡ ಕಾಯಿಲೆಯಲ್ಲ, ಸಣ್ಣ ಸಣ್ಣ ಸಡಿಲಗಳ ಮೊತ್ತ ಎಂದು ಅವರು ನಂಬಿದ್ದರು.

ಆದ್ದರಿಂದ ಅವರು ಸಡಿಲಗಳನ್ನು ಕುರಿತೇ ಬರೆದರು. ಬ್ಯಾಂಕಿನ ಪೆನ್ನಿಗೆ ದಾರ ಕಟ್ಟುವುದನ್ನು ಕುರಿತು. ಮದುವೆಯ ಎಲೆಯಲ್ಲಿ ಬಿಟ್ಟೇಳುವ ಅನ್ನವನ್ನು ಕುರಿತು. ರಾಷ್ಟ್ರಗೀತೆಯ ಮಧ್ಯೆ ಚಪ್ಪಲಿ ಹುಡುಕುವವರನ್ನು ಕುರಿತು. ಸೊಂಟದಿಂದ ಜಾರುವ ಪ್ಯಾಂಟುಗಳನ್ನು ಕುರಿತು ಎರಡು ಪತ್ರ. ಗಲಭೆಯಾದಾಗ, ಬಾಂಬ್ ಸಿಡಿದಾಗ, ಶಾಸನಸಭೆಯಲ್ಲಿ ಕುರ್ಚಿಗಳು ಹಾರಾಡಿದಾಗಲೂ ಅವರು ಬರೆದದ್ದು ಬಸ್ ನಿಲ್ದಾಣದ ಸಾಲಿನ ಬಗ್ಗೆಯೇ. "ನಮ್ಮ ಸರದಿ ಬರುತ್ತದೆಂಬ ನಂಬಿಕೆ ಹೋದ ಕಡೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಮಿಕ್ಕಿದ್ದೆಲ್ಲ ಅದರ ಮುಂದುವರಿಕೆ" ಎಂಬುದು ಅವರ ವಾದ. ಅದೇ ಕಾರ್ಖಾನೆಯ ಕಾರ್ಮಿಕ ಸಂಘದ ಮುಖಂಡರಾಗಿದ್ದ ಗದಿಗೆಪ್ಪ ಅದನ್ನು ಒಪ್ಪುತ್ತಿರಲಿಲ್ಲ. ಬಸ್ಸೇ ಸಾಕಷ್ಟು ಇಲ್ಲದಿದ್ದಾಗ ಸಾಲು ನಿಂತು ಏನು ಉಪಯೋಗ ಎಂದು ಕೇಳುತ್ತಿದ್ದರು. ಪಾರ್ಕಿನ ಕಲ್ಲುಬೆಂಚಿನ ಮೇಲೆ ಆ ಚರ್ಚೆ ಮೂವತ್ತು ವರ್ಷ ನಡೆದಿತ್ತು.

ಪತ್ರಿಕೆಯವರ ಮೇಲೆ ಚಿಕ್ಕಬೈರಪ್ಪನವರಿಗೆ ಒಂದೇ ದೂರಿತ್ತು. ಜಾಗ ಸಾಲದಾದಾಗಲೆಲ್ಲ ಅವರು ಪತ್ರದ ಕೊನೆಯನ್ನು ಕತ್ತರಿಸುತ್ತಿದ್ದರು.

"ಬಾಲ ಕತ್ತರಿಸಿದ್ದಾರೆ ನೋಡು," ಎನ್ನುತ್ತಿದ್ದರು ಮಗಳಿಗೆ. "ನಾನು ಮುಖ್ಯವಾದದ್ದನ್ನ ಕೊನೇಲೇ ಇಡೋದು."

"ಹಾಗಾದ್ರೆ ಮೊದಲೇ ಬರೀರಿ ಅಪ್ಪಾ."

"ಮೊದಲು ತಪ್ಪು ತೋರಿಸ್ಬೇಕು, ಆಮೇಲೆ ವಿನಾಯಿತಿ ಹೇಳ್ಬೇಕು. ಕ್ರಮ ಅಂತ ಒಂದಿದೆಯಲ್ಲ."

ಕ್ರಮ ಬದಲಾಗಲಿಲ್ಲ, ಕತ್ತರಿಯೂ ಬದಲಾಗಲಿಲ್ಲ.

*

2007ರಲ್ಲಿ ಅವರ ಹನ್ನೊಂದು ಪತ್ರಗಳ ನಂತರ ಮುಖ್ಯರಸ್ತೆಯ ತಿರುವಿಗೆ ಸಿಗ್ನಲ್ ದೀಪ ಬಂತು. ಸೆಕೆಂಡು ತೋರಿಸುವ ಅಂಕಿಗಳೂ ಇದ್ದವು. ಮೊದಲ ವಾರ ಜನ ಅದನ್ನು ನೋಡಲು ನಿಂತರು. ಎರಡನೆಯ ವಾರದಿಂದ ನಿಲ್ಲುವವರು ಚಿಕ್ಕಬೈರಪ್ಪ ಒಬ್ಬರೇ ಆದರು.

ಸಂಜೆಯ ವಾಕಿಂಗಿನಲ್ಲಿ ಗದಿಗೆಪ್ಪ ಜೊತೆಗಿರುತ್ತಿದ್ದರು.

"ಏ ಬೈರಪ್ಪಾ, ರಸ್ತೆ ಖಾಲಿ ಐತಲ್ಲೋ. ನಡಿ."

"ಕೆಂಪಿದೆ."

"ಒಂದು ನಾಯಿ ಸೈತ ಬರವಲ್ದು!"

"ಲಾರಿ ಬರೋವಾಗ ನಿಲ್ಲೋದು ಭಯ ಕಣೋ ಗದಿಗೆಪ್ಪ. ಖಾಲಿ ಇರೋವಾಗ ನಿಲ್ಲೋದು ದೇಶ."

"ನಿನ್ನ ದೇಶ ಬರೋ ತನಕ ನನಗ ಚಾ ಆರತೈತಿ," ಎಂದು ಗದಿಗೆಪ್ಪ ದಾಟಿಬಿಡುತ್ತಿದ್ದರು. ದಾಟಿ, ಆಚೆಯ ಪೆಟ್ಟಿಗೆ ಅಂಗಡಿಯ ಮುಂದೆ ಗೆಳೆಯನಿಗಾಗಿ ಕಾಯುತ್ತಿದ್ದರು. ನಾಲ್ಕು ವರ್ಷ, ಪ್ರತಿ ಸಂಜೆ, ಎಪ್ಪತ್ತು ಸೆಕೆಂಡು.

*

"ನಾವು ಹೊರಡ್ತೀವಿ ಅಕ್ಕಾ," ಎಂದ ಕಾಡಪ್ಪ ಪ್ರಭಾಳಿಗೆ. ತಮಟೆಯನ್ನು ಚೀಲಕ್ಕೆ ಇಳಿಸುತ್ತಿದ್ದವನು ನಡುವೆ ನಿಂತ. "ಆದ್ರೂ ಸಾರ್ ಹಿಂಗ್ ಬರ್ದವ್ರೆ ಅಂದ್ರೆ ನಂಬಕ್ಕಾಯ್ತಿಲ್ಲ. ಹೋದ ತಿಂಗ್ಳು ಪಕ್ಕದ್ ರೋಡಲ್ಲಿ ನಾವು ತಮಟೆ ಕಾಯಿಸ್ತಿದ್ವಿ. ಬಂದು ಅರ್ಧ ಗಂಟೆ ನಿಂತ್ಕಂಡ್ರು. ನಾನು ತಟ್ಟಿ ನೋಡಿ ಸಾಕು ಅಂದೆ. 'ಇನ್ನೊಂಚೂರು ಆಗ್ಬೇಕು' ಅಂದ್ರು."

"ಆಮೇಲೆ?" ಎಂದಳು ಪ್ರಭಾ.

"ಸರಿಯಾಗೇ ಹೇಳಿದ್ರು. ಇನ್ನೊಂಚೂರು ಆಗ್ಬೇಕಿತ್ತು."

ಪ್ರಭಾ ಪತ್ರಿಕೆಯನ್ನು ಮತ್ತೆ ನೋಡಿದಳು. 'ಸದ್ದು ಬೇಡ.' ಎರಡು ಪದ, ಒಂದು ಪೂರ್ಣವಿರಾಮ. ಅದರ ಕೆಳಗೆ, ಕಾಲಮ್ಮಿನ ಅಡಿಗೆ ಸರಿಯಾಗಿ ಹೊಂದುವಂತೆ, ಕೀಲುನೋವಿನ ಎಣ್ಣೆಯ ಜಾಹೀರಾತು. ಅಪ್ಪನ ಪತ್ರ ಎರಡು ಪದಗಳಲ್ಲಿ ಎಂದೂ ಮುಗಿಯುತ್ತಿರಲಿಲ್ಲ.

ಅವಳು ಒಳಗೆ ಓಡಿದಳು.

ಕಡತಗಳು ಬೀರುವಿನ ಎರಡನೆಯ ಹಲಗೆಯಲ್ಲಿ ವರ್ಷದ ಪ್ರಕಾರ ನಿಂತಿದ್ದವು. ಪ್ರತಿಯೊಂದು ಪತ್ರದ ಕಾರ್ಬನ್ ಪ್ರತಿ. ಅಚ್ಚಿನಲ್ಲಿ ಬಿಟ್ಟುಹೋದ ಸಾಲುಗಳ ಕೆಳಗೆ ಕೆಂಪು ಗೆರೆ. ಅಂಚಿನಲ್ಲಿ 'ಕತ್ತರಿಸಲಾಗಿದೆ' ಎಂಬ ಷರಾ ಮತ್ತು ದಿನಾಂಕ. ಈ ವರ್ಷದ, ಅಂದರೆ 2011ರ, ಕಡತದ ಕೊನೆಯ ಹಾಳೆಯಲ್ಲಿ ಇನ್ನೂ ಗೆರೆ ಬಿದ್ದಿರಲಿಲ್ಲ. ಅವಳು ಅದನ್ನು ಹಿಡಿದು ಹೊಸ್ತಿಲಿಗೆ ಬಂದಳು.

"ಅತ್ತೆ, ಕೇಳಿ. ಸದ್ದು ಬೇಡ ಅಂದ್ಮೇಲೆ ಇನ್ನೂ ಇದೆ."

"ಓದವ್ವ."

"ಈ ಸದ್ದಿನಲ್ಲಿ ತಮಟೆ ಸೇರಿಲ್ಲ. ಪಟಾಕಿ, ಧ್ವನಿವರ್ಧಕ ನಿನ್ನೆ ಮೊನ್ನೆ ಬಂದವು. ತಮಟೆ ನಮ್ಮ ಮುತ್ತಾತಂದಿರಿಗಿಂತ ಹಿಂದಿನದು. ಹಿಂದಿನವರು ಕೈಗಿತ್ತದ್ದನ್ನು ಬಿಸಾಡುವ ಹಕ್ಕು ನಮಗಿಲ್ಲ. ಹದವಾಗಿಟ್ಟು ಮುಂದಿನವರಿಗೆ ದಾಟಿಸುವುದಷ್ಟೇ ನಮ್ಮ ಕೆಲಸ. ಚರ್ಮವನ್ನು ಬೆಂಕಿಗೆ ಹಿಡಿದು, ಬೆರಳಲ್ಲಿ ತಟ್ಟಿ, ಇನ್ನೂ ಆಗಿಲ್ಲವೆಂದು ಮತ್ತೆ ಕಾಯಿಸುವವರನ್ನು ನೋಡಿಯೇ ನಾನು ಬಾಲ್ಯದಲ್ಲಿ ಅಳತೆ ಎಂದರೇನೆಂದು ಕಲಿತೆ. ತಮಟೆಯವರು ಇಬ್ಬಿಬ್ಬರಾಗಿ, ಎಡಬದಿಯಲ್ಲಿ, ಮುಂದೆ ನಡೆಯಲಿ."

ಕಾಡಪ್ಪ ಚೀಲದೊಳಗೆ ಇಟ್ಟಿದ್ದ ಕೈಯನ್ನು ಹಾಗೆಯೇ ಇಟ್ಟುಕೊಂಡು ನಿಂತಿದ್ದ. "ನಮ್ಮನ್ ನೋಡಿ ಕಲ್ತೆ ಅಂತ ಬರ್ದವ್ರಾ ಸಾರ್?" ಎಂದು ಕೇಳಿದ. ಪ್ರಭಾ ಹಾಳೆಯನ್ನು ಅವನತ್ತ ತಿರುಗಿಸಿ ಆ ಸಾಲನ್ನು ಬೆರಳಿನಿಂದ ತೋರಿಸಿದಳು.

"ನಂಗೊತ್ತಿತ್ತು!" ಮಾರಕ್ಕ ಗೋಡೆ ಹಿಡಿದು ಎದ್ದಳು. "ನನ್ ತಮ್ಮ ಅಂಗೆಲ್ಲ ಅನ್ನವ್ನಲ್ಲ ಅಂತ ನಂಗೊತ್ತಿತ್ತು. ಆ ಕತ್ರಿ ಇಡ್ದವ್ನು ಕೈಗೆ ಸಿಗ್ಲಿ ಇವತ್ತು!"

ಒಳಗಿನಿಂದ ಅನುಸೂಯಮ್ಮನವರ ಸಣ್ಣ ನಗು ಕೇಳಿಸಿತು. ಹಿಂದಿನ ಮಧ್ಯಾಹ್ನದ ನಂತರ ಅದೇ ಮೊದಲು.

ಪ್ರಭಾ ಅಪ್ಪನ ಮೇಜಿನಿಂದ ಕೆಂಪು ಪೆನ್ನು ತಂದಳು. ಆ ಸಾಲುಗಳ ಕೆಳಗೆ ಅಡಿಕೋಲು ಇಟ್ಟು ಗೆರೆ ಎಳೆದಳು. ಅಂಚಿನಲ್ಲಿ 'ಕತ್ತರಿಸಲಾಗಿದೆ' ಎಂದು ಬರೆದು ದಿನಾಂಕ ಹಾಕಿದಳು. ನಂತರ ಇವತ್ತಿನ ಪತ್ರಿಕೆಯನ್ನು ಕಡತಕ್ಕೆ ಸೇರಿಸಿ, ಹಳೆಯ ಜಾಹೀರಾತು ಪುರವಣಿಗಳ ಕಟ್ಟೊಂದನ್ನು ಬೆಂಕಿಗೆಂದು ಕಾಡಪ್ಪನಿಗೆ ಕೊಟ್ಟಳು.

ಅವನು ತಮಟೆ ಕಾಯಿಸಿ, ತಟ್ಟಿ ನೋಡಿ, ನಡುಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಇನ್ನೊಂಚೂರು ಕಾಯಿಸಿದ.

*

ಹನ್ನೊಂದಕ್ಕೆ ಸರಿಯಾಗಿ ಹೊರಟರು. ಮುಂದೆ ಇಬ್ಬಿಬ್ಬರಾಗಿ ತಮಟೆಯವರು, ಅವರ ಹಿಂದೆ ಚಟ್ಟ, ಅದರ ಹಿಂದೆ ಉಳಿದವರು. ಎಲ್ಲರೂ ರಸ್ತೆಯ ಎಡ ಅಂಚಿನಲ್ಲಿ. ಹೂವಿನ ಬುಟ್ಟಿಯನ್ನು ಪ್ರಭಾ ಸೊಂಟಕ್ಕೆ ಅವುಚಿಕೊಂಡಿದ್ದಳು. ಒಂದು ಎಸಳೂ ರಸ್ತೆಗೆ ಬೀಳಲಿಲ್ಲ. ಮಾರಕ್ಕ ಗದಿಗೆಪ್ಪನ ತೋಳು ಹಿಡಿದು ತಮಟೆಯ ಲೆಕ್ಕಕ್ಕೆ ಹೆಜ್ಜೆ ಹಾಕುತ್ತಿದ್ದಳು.

ಮುಖ್ಯರಸ್ತೆಯ ತಿರುವಿಗೆ ಬಂದಾಗ ದೀಪ ಕೆಂಪಾಯಿತು. ತಮಟೆಯವರು ಬಡಿತ ನಿಲ್ಲಿಸಿ ಬಿಳಿಗೆರೆಯ ಈಚೆ ನಿಂತರು. ಎಪ್ಪತ್ತು.

ಪೊಲೀಸಿನವನು ಓಡಿಬಂದು ಅಡ್ಡರಸ್ತೆಯ ವಾಹನಗಳಿಗೆ ಕೈ ಚಾಚಿದ. "ಹೋಗಿ ಸಾರ್, ಹೋಗಿ. ಇದಕ್ಕೆಲ್ಲ ಎಂಥ ಸಿಗ್ನಲ್ಲು!"

ಗದಿಗೆಪ್ಪನ ಬಲಗಾಲು ಹಳೆಯ ಅಭ್ಯಾಸದಿಂದ ಬಿಳಿಗೆರೆಯನ್ನು ದಾಟಿಬಿಟ್ಟಿತ್ತು. ಮಾರಕ್ಕ ಅವರ ತೋಳನ್ನು ಹಿಂದಕ್ಕೆ ಜಗ್ಗಿದಳು.

"ಇರಪ್ಪ. ಕೆಂಪೈತೆ."

ಗದಿಗೆಪ್ಪ ಆಚೆಯ ಪೆಟ್ಟಿಗೆ ಅಂಗಡಿಯನ್ನು ನೋಡಿದರು. ಅದರ ಮುಂದೆ ಯಾರೂ ನಿಂತಿರಲಿಲ್ಲ. ಅವರು ಕಾಲನ್ನು ಗೆರೆಯ ಹಿಂದಕ್ಕೆ ತೆಗೆದುಕೊಂಡು ಚಟ್ಟದ ಪಕ್ಕದಲ್ಲಿ ನೆಟ್ಟಗೆ ನಿಂತರು.

ಪೊಲೀಸಿನವನು ತಲೆ ಕೆರೆದುಕೊಂಡು ಅಡ್ಡರಸ್ತೆಯನ್ನು ಬಿಟ್ಟ. ಲಾರಿಗಳು, ಎರಡು ಕಾರ್ಖಾನೆ ಬಸ್ಸುಗಳು, ಒಂದು ಹಾಲಿನ ವ್ಯಾನು ಸಾಗಿಹೋದವು. ಮೂವತ್ತೊಂದು. ಹಿಂದಿನಿಂದ ಭರ್ರನೆ ಬಂದ ಬೈಕೊಂದು ಗೆರೆ ದಾಟಿ ಎರಡು ಮೀಟರ್ ಮುಂದೆ ಹೋಗಿ, ಎಡಕ್ಕೆ ನೋಡಿ, ಗಕ್ಕನೆ ನಿಂತಿತು. ಸವಾರ ಎರಡೂ ಕಾಲುಗಳನ್ನು ನೆಲಕ್ಕೆ ಊರಿ, ಬೈಕನ್ನು ತಳ್ಳಿಕೊಂಡು ಹಿಂದೆ ಹಿಂದೆ ಸರಿದು, ಮುಂದಿನ ಚಕ್ರ ಗೆರೆಯ ಈಚೆ ಬಂದ ಮೇಲೆ ಹೆಲ್ಮೆಟ್ ತೆಗೆದ.

ಹನ್ನೆರಡು. ರಸ್ತೆ ಪೂರ್ತಿ ಖಾಲಿಯಾಯಿತು. ಒಂದು ನಾಯಿಯೂ ಬರುತ್ತಿರಲಿಲ್ಲ. ಯಾರೂ ಕದಲಲಿಲ್ಲ.

ಕಾಡಪ್ಪ ಕೋಲನ್ನು ತಮಟೆಯ ಮೇಲೆ ಒಂದು ಗೇಣು ಎತ್ತಿ ಹಿಡಿದು, ಅಂಕಿಗಳನ್ನೇ ನೋಡುತ್ತಿದ್ದ. ಮೂರು. ಎರಡು.