ಕನ್ನಡಿಯಲ್ಲಿ ಅರ್ಧ ಮುಖ

ಆ ಬೀದಿಯಲ್ಲಿ ಯಾರಿಗೇ ತಲೆನೋವು ಬರಲಿ, ಸೀದಾ ಸಲೂನಿಗೆ ನಡೆಯುತ್ತಿದ್ದರು. ಸಲೂನಿನ ಅಣ್ಣ ಅಂಗೈಗೆ ಘಮಘಮ ಎಣ್ಣೆ ಸುರಿದುಕೊಂಡು ತಲೆ ಒತ್ತತೊಡಗಿದನೆಂದರೆ ಎಂಥ ಜಗಳಗಂಟನೂ ಕುರ್ಚಿಯಲ್ಲೇ ಗೊರಕೆ ಹೊಡೆಯಬೇಕು. ಊರವರ ತಲೆಯೆಲ್ಲ ಅವನ ಮಾತು ಕೇಳುತ್ತಿತ್ತು. ಅವನದೇ ತಲೆ ಮಾತ್ರ ಕೇಳುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಒಂದು ಮಧ್ಯಾಹ್ನ. ಬೀದಿ ತೂಕಡಿಸುತ್ತಿತ್ತು. ಎದುರುಬದುರು ಕನ್ನಡಿಗಳಲ್ಲಿ ಕುರ್ಚಿಯೊಳಗೆ ಕುರ್ಚಿ, ಅದರೊಳಗೆ ಮತ್ತೊಂದು ಕುರ್ಚಿ ಕಾಣುತ್ತಿತ್ತು. ಗಡಿಯಾರ ರಿಪೇರಿ ಮಾಡುವ ಹಿರಿಯರು ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದರು. ಅಣ್ಣ ಕನ್ನಡಿ ನೋಡಿದ. ಗಡಿಯಾರದವರಿಗೆ ಅರ್ಧ ಮುಖವೇ ಇರಲಿಲ್ಲ!

ಮುಖ ಇರಬೇಕಾದ ಕಡೆ ಒಂದು ಬೆಳಕಿನ ಚುಕ್ಕಿ. ಅದು ಮೆಲ್ಲಗೆ ಹಿಗ್ಗಿತು. ಅಂಚಿಗೆ ಗರಗಸದ ಹಲ್ಲು ಮೂಡಿತು. ಹಲ್ಲುಗಳು ಬಿಸಿಲಿಗೆ ಹಿಡಿದ ನೀರಿನ ಹಾಗೆ ಮಿಣಮಿಣ ನಡುಗಿದವು. ನೋಡಲು ಚೆಂದವೇ. ಆದರೆ ಕೈಯಲ್ಲಿ ಕತ್ತಿ, ಕೆಳಗೆ ಇನ್ನೊಬ್ಬರ ಕೊರಳು.

"ಒಂದ್ನಿಮಿಷ ಇರಿ, ಬ್ಲೇಡ್ ಬದಲಾಯಿಸ್ತೀನಿ," ಎಂದವನೇ ಪರದೆಯ ಹಿಂದೆ ಹೋಗಿ ಗೋಡೆಗೆ ಹಣೆ ಆನಿಸಿ ನಿಂತ. ಬೆಳಕು ಕರಗಲು ಬಹಳ ಹೊತ್ತು ಹಿಡಿಯಿತು. ಪುಣ್ಯಕ್ಕೆ ಗಡಿಯಾರದವರು ಅಷ್ಟರಲ್ಲಿ ನಿದ್ದೆಗೆ ಜಾರಿದ್ದರು. ಕೆಲಸ ಮುಗಿಸುವಷ್ಟರಲ್ಲಿ ಅಣ್ಣನ ತಲೆಯ ಒಂದು ಬದಿ ಧಿಮಿಧಿಮಿ ಸಿಡಿಯುತ್ತಿತ್ತು.

ಇದು ಮೊದಲ ಸಲವಲ್ಲ. ಆದರೆ ಯಾರಿಗೆ ಹೇಳುವುದು? ಕಣ್ಣೇ ಹೋಗುತ್ತಿದೆ ಎಂದು ಅವನ ಭಯ. ಕಣ್ಣು ಕಾಣದವನ ಕತ್ತಿಗೆ ಕೊರಳು ಕೊಡುವವರು ಯಾರು? ಅಂಗಡಿ ಮುಚ್ಚಬೇಕಾದೀತೆಂದು ಹೆದರಿ, ಹೆಂಡತಿಗೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಅದೇ ವಾರ ಮಗಳು ಶಾಲೆಯಿಂದ ಅರ್ಧಕ್ಕೇ ಮನೆಗೆ ಬಂದಳು. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗುಬ್ಬಿ ವಾಂತಿ ಮಾಡಿಕೊಂಡು, ತಲೆತುಂಬ ಮುಸುಕೆಳೆದು, ಮೂಲೆಯಲ್ಲಿ ಮುದುಡಿ ಮಲಗಿದಳು.

"ನೋಡ್ರೀ ನಿಮ್ಮ ಮಗಳ ನಾಟಕ," ಎಂದಳು ಹೆಂಡತಿ. "ಇವತ್ತು ಲೆಕ್ಕದ ಪರೀಕ್ಷೆ. ಇವತ್ತೇ ತಲೆನೋವು. ಹೋದ ತಿಂಗಳೂ ಇದೇ ಕಥೆ. ನಂಗೂ ತಲೆನೋವು ಬರುತ್ತೆ, ನಾನೇನು ಮುಸುಕು ಹಾಕ್ಕೊಂಡು ಮಲಗ್ತೀನಾ?"

ಅಣ್ಣ ತನಗೆ ಗೊತ್ತಿದ್ದ ಒಂದೇ ಮದ್ದು ತಂದ. ಎಣ್ಣೆ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಗುಬ್ಬಿ ಮತ್ತೆ ವಾಂತಿ ಮಾಡಿಕೊಂಡಳು. "ಬೇಡಪ್ಪಾ, ಆ ವಾಸನೆ ಬೇಡ..."

ಸದ್ದು ಕೇಳಿ ಮಹಡಿ ಮನೆಯ ನರ್ಸಕ್ಕ ಇಳಿದು ಬಂದಳು. ಬಂದವಳು ಮೊದಲು ರೇಡಿಯೊ ಆರಿಸಿದಳು. ಕಿಟಕಿಯ ಪರದೆ ಎಳೆದಳು. ಎಣ್ಣೆ ಬಾಟಲಿಯನ್ನು ಅಣ್ಣನ ಕೈಗೇ ಕೊಟ್ಟು ಹೊರಗಿಡಿಸಿದಳು. ಕೋಣೆಯಲ್ಲಿ ಕತ್ತಲೆ ತಣ್ಣಗೆ ಹರಡಿತು.

"ಗುಬ್ಬೀ, ನೋವು ಬರೋಕೆ ಮುಂಚೆ ಕಣ್ಣಿಗೆ ಏನಾದ್ರೂ ಕಂಡಿತಾ?"

ಮುಸುಕಿನೊಳಗಿಂದ ಸಣ್ಣ ದನಿ ಬಂತು. "ಹೇಳಿದ್ರೆ ಸುಳ್ಳು ಅಂತಾರೆ."

ಅಣ್ಣ ಆ ಮುಸುಕನ್ನೇ ನೋಡಿದ. ಹೇಳಿದರೆ ಅಂಗಡಿ ಹೋಗುತ್ತದೆ, ಹೇಳದಿದ್ದರೆ ಮಗಳು ಸುಳ್ಳಿಯಾಗುತ್ತಾಳೆ. ಅವನು ನೆಲದ ಮೇಲೆ ಅವಳ ಪಕ್ಕ ಕೂತ.

"ಮೊದಲು ಒಂದು ಚುಕ್ಕಿ. ಆಮೇಲೆ ಗರಗಸದ ಹಲ್ಲು. ಮಿಣಮಿಣ ಅನ್ನುತ್ತೆ. ಅದರ ಒಳಗೆ ಏನೂ ಕಾಣಲ್ಲ. ಅಲ್ವಾ ಮಗಾ?"

ಮುಸುಕು ಸರಿಯಿತು. "ಅಪ್ಪಾ! ನಿಂಗೂ ಕಾಣುತ್ತಾ?"

"ಕಾಣುತ್ತೆ. ನಂದು ಎಡಗಡೆಯಿಂದ ಬರುತ್ತೆ."

"ನಂದು ಬಲಗಡೆಯಿಂದ!"

ಇಬ್ಬರೂ ತಾವು ಮಾತ್ರ ಹೋಗಿ ಬಂದ ಊರಿನ ಸುದ್ದಿ ಮಾತಾಡುವವರಂತೆ ಪಿಸುಗುಟ್ಟಿದರು. ಹೆಂಡತಿ ಬಾಗಿಲ ಬಳಿ ಬಿಟ್ಟ ಬಾಯಿ ಬಿಟ್ಟ ಹಾಗೆ ನಿಂತಿದ್ದಳು.

"ಇದು ಮೈಗ್ರೇನ್ ಅನ್ಸುತ್ತೆ. ಅರೆತಲೆನೋವು ಅಂತೀವಲ್ಲ, ಅದು," ಎಂದಳು ನರ್ಸಕ್ಕ. "ಕೆಲವು ಮನೆತನದಲ್ಲಿ ಹೀಗೆ ಬರುತ್ತೆ. ತುಂಬ ಜನಕ್ಕೆ ಬೆಳಕೇನೂ ಕಾಣಲ್ಲ, ಬರೀ ನೋವು. ಹೊಟ್ಟೆ ತೊಳೆಸುತ್ತೆ. ಬೆಳಕು, ಸದ್ದು, ವಾಸನೆ ಯಾವುದೂ ತಡೆಯೋಕಾಗಲ್ಲ."

"ಹಾಗಾದ್ರೆ ಪರೀಕ್ಷೆ ದಿನವೇ ಯಾಕೆ ಬರಬೇಕು?" ಹೆಂಡತಿ ಇನ್ನೂ ಸೋತಿರಲಿಲ್ಲ.

"ನಿನ್ನೆ ಎಷ್ಟು ಹೊತ್ತಿಗೆ ಮಲಗಿದಳು? ಬೆಳಗ್ಗೆ ತಿಂಡಿ ತಿಂದಳಾ?"

ಓದು ಮುಗಿಯಲಿಲ್ಲ ಎಂದು ಹೆಂಡತಿಯೇ ಅವಳನ್ನು ಹೊತ್ತಿಗೆ ಮಲಗಲು ಬಿಟ್ಟಿರಲಿಲ್ಲ. ತಿಂಡಿ ತಟ್ಟೆಯಲ್ಲೇ ಉಳಿದಿತ್ತು.

"ನಿದ್ದೆ ಕೆಟ್ರೆ, ಊಟ ತಪ್ಪಿದ್ರೆ, ನೀರು ಕುಡಿಯದಿದ್ರೆ ಇದು ಹೊಂಚು ಹಾಕಿ ಬರುತ್ತಮ್ಮ. ನಾಟಕ ಅಲ್ಲ."

"ಅಕ್ಕಾ, ನನ್ನ ಕಣ್ಣು...?" ಅಣ್ಣ ಮೆಲ್ಲಗೆ ಕೇಳಿದ.

"ಮೈಗ್ರೇನ್ ಆದ್ರೆ ಇದು ಮಿದುಳಿನ ಆಟ, ಸ್ವಲ್ಪ ಹೊತ್ತಿಗೆ ಹೋಗುತ್ತೆ. ಆದ್ರೆ ನಾವೇ ತೀರ್ಮಾನ ಮಾಡಬಾರ್ದು, ಇಬ್ಬರೂ ಡಾಕ್ಟರಿಗೆ ತೋರಿಸಿ. ಬೆಳಕು ಕಂಡ ಕೂಡಲೇ ನೀನು ಕತ್ತಿ ಕೆಳಗಿಡು. ನಿಮ್ಮಿಷ್ಟಕ್ಕೆ ದಿನಾ ನೋವಿನ ಮಾತ್ರೆ ನುಂಗಬೇಡಿ, ಅದರಿಂದ್ಲೇ ತಲೆನೋವು ಹೆಚ್ಚಾಗುತ್ತೆ. ದೊಡ್ಡವರ ಮಾತ್ರೆ ಮಕ್ಕಳಿಗಂತೂ ಬೇಡ. ಇನ್ನೊಂದು ಮಾತು. ಸಿಡಿಲು ಹೊಡೆದ ಹಾಗೆ ಒಮ್ಮೆಲೇ ನೋವು ಬಂದ್ರೆ, ಮಾತು ತೊದಲಿದ್ರೆ, ಕೈಕಾಲಿನ ಶಕ್ತಿ ಹೋದ್ರೆ, ಜ್ವರದ ಜೊತೆ ಕುತ್ತಿಗೆ ಬಿಗಿದ್ರೆ, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಬಂದ್ರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಬೇಕು."

ಡಾಕ್ಟರೂ ಪರೀಕ್ಷಿಸಿ ಮೈಗ್ರೇನ್ ಎಂದೇ ಹೇಳಿದರು. ನೋವು ಶುರುವಾಗುತ್ತಿದ್ದಂತೆ ತೆಗೆದುಕೊಳ್ಳಲು ಇಬ್ಬರಿಗೂ ಬೇರೆಬೇರೆ ಮಾತ್ರೆ ಕೊಟ್ಟರು. ಪದೇ ಪದೇ ಬಂದರೆ ತಡೆಯುವ ಔಷಧವೂ ಇದೆ ಎಂದರು. ಮನೆಯಲ್ಲಿ ನಿದ್ದೆ, ಊಟ ಹೊತ್ತಿಗೆ ಸರಿಯಾಗಿ ನಡೆಯತೊಡಗಿದವು. ತಲೆನೋವು ಪೂರ್ತಿ ಹೋಗಲಿಲ್ಲ. ಆದರೆ ಬರುವುದು ಅಪರೂಪವಾಯಿತು.

ಮತ್ತೊಂದು ಮಧ್ಯಾಹ್ನ ಅದೇ ಕುರ್ಚಿ, ಅದೇ ಗಡಿಯಾರದವರು, ಅದೇ ಬೆಳಕಿನ ಚುಕ್ಕಿ. ಅಣ್ಣ ಕತ್ತಿ ಕೆಳಗಿಟ್ಟ. ಈ ಸಲ ಸುಳ್ಳು ಹೇಳಲಿಲ್ಲ.

"ನಂಗೆ ಮೈಗ್ರೇನ್ ಬರ್ತಿದೆ ಯಜಮಾನ್ರೇ. ಈಗ ಕತ್ತಿ ಹಿಡಿಯೋ ಹಾಗಿಲ್ಲ."

ಅರ್ಧ ಕೆನ್ನೆಯ ನೊರೆಯಲ್ಲೇ ಗಡಿಯಾರದವರು ನಕ್ಕರು. "ಗಡಿಯಾರನೇ ಒಮ್ಮೊಮ್ಮೆ ನಿಲ್ಲುತ್ತೆ, ಮನುಷ್ಯ ನಿಲ್ಲಬಾರ್ದಾ? ಹೋಗಿ ಮಲಗಪ್ಪ. ಮಿಕ್ಕಿದ್ದು ನಾಳೆ ಮಾಡು. ನೋಡದೆ ಕುಯ್ಯೋನಿಗಿಂತ ನಿಲ್ಲಿಸೋನೇ ವಾಸಿ."

ಅಂಗಡಿಯೇನೂ ಕೈತಪ್ಪಿ ಹೋಗಲಿಲ್ಲ. ಮನೆಗೆ ಬಂದಾಗ, ಶಾಲೆಗೆ ರಜೆಯಿದ್ದ ಗುಬ್ಬಿ ಕಿಟಕಿಯ ಪರದೆ ಎಳೆದು, ಅವನಿಗೆ ಮಾತ್ರೆ, ನೀರು ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಕತ್ತಲೆಯಲ್ಲಿ ಪಕ್ಕದಲ್ಲಿ ಕೂತು ಪಿಸುಗುಟ್ಟಿದಳು.

"ಇವತ್ತೂ ಎಡಗಡೆಯಿಂದಲೇ ಬಂತೇನಪ್ಪಾ?"

ಅಣ್ಣನ ಕಣ್ಣು ತುಂಬಿ ಬಂತು. ಅದು ನೋವಿನ ನೀರಲ್ಲ.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಯಾರೋ ಹೀಗೆ ಮುಸುಕೆಳೆದು ಮಲಗುತ್ತಿರಬಹುದು. ನಾಟಕ ಎನ್ನುವ ಮುಂಚೆ ದೀಪ ಆರಿಸಿ, ಸದ್ದು ನಿಲ್ಲಿಸಿ, ಪಕ್ಕದಲ್ಲಿ ಕೂತು ಏನಾಗುತ್ತಿದೆ ಎಂದು ಕೇಳಿ. ಹೇಳಿದ್ದನ್ನು ನಂಬಿ, ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಆ ನೋವು ನಿಮ್ಮದೇ ಆಗಿದ್ದರೆ, ಇವತ್ತೇ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ.