ಪಂಪು ಎಳೆಯೋದನ್ನ ಕಣ್ಣಾರೆ ನೋಡಿ

ಕಟಿಂಗ್ ಅಂಗಡಿಯವನ ಹೆಂಡತಿಗೆ ಉಬ್ಬಸ. ಆಸ್ಪತ್ರೆಗೆ ಹೋದ ದಿನ ಅವಳು ಏದುಸಿರು ಬಿಡುತ್ತಿದ್ದಳು. ಮಾತು ಕೇಳಿಸಿಕೊಳ್ಳುವ ಸ್ಥಿತಿಯೇ ಇರಲಿಲ್ಲ. ಹಾಗಾಗಿ ಮದ್ದಿನ ಪಂಪು, ಅಂದರೆ ಇನ್ಹೇಲರ್, ಎಳೆದುಕೊಳ್ಳುವ ಬಗೆಯನ್ನು ಡಾಕ್ಟರು ಗಂಡನಿಗೇ ಹೇಳಿದರು. ಅವನು ಪ್ರತಿ ಮಾತಿಗೂ ತಲೆಯಾಡಿಸಿದ. ಗಿರಾಕಿಗಳ ಮನೆವಾರ್ತೆಯನ್ನೆಲ್ಲ ತಲೆಯಲ್ಲಿಟ್ಟುಕೊಂಡವನಿಗೆ ಇದೊಂದು ನೆನಪಿರೋದಿಲ್ಲವೇ?

ಮನೆ ಸೇರುವಷ್ಟರಲ್ಲಿ ಅರ್ಧ ಮಾತು ಗಾಳಿಗೆ ಹೋಗಿತ್ತು. ಮರೆತದ್ದೇ ಅವನಿಗೆ ಗೊತ್ತಾಗಲಿಲ್ಲ. ಅವನು ಹೇಳಿಕೊಟ್ಟ ಹಾಗೆ ಹೆಂಡತಿ ಬಾಯಿ ಅಗಲಿಸಿ ಪಂಪು ಒತ್ತುತ್ತಿದ್ದಳು. ನಾಲಿಗೆ ಕಹಿಯಾಗುತ್ತಿತ್ತು, ಅಷ್ಟೇ. ಒಂದು ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದವಳು ಗೋಡೆ ಹಿಡಿದು ಕುಸಿದಳು. ತುಟಿ ನೀಲಿಗಟ್ಟಿತ್ತು. ಪಕ್ಕದ ಮನೆಯವರು ಗಾಡಿ ತೆಗೆದು ಆಸ್ಪತ್ರೆಗೆ ಮುಟ್ಟಿಸಿದರು, ಜೀವ ಉಳಿಯಿತು.

ಅವಳು ಮನೆಗೆ ಮರಳಿದ ಮೇಲೆ ಆಸ್ಪತ್ರೆಯ ನರ್ಸಕ್ಕ ನೋಡಲು ಬಂದರು. ಪಂಪು ಎಳೆದುಕೊಳ್ಳಲು ಹೇಳಿದರು. ಅವಳು ಬಾಯಿ ಅಗಲಿಸಿ ಒತ್ತಿದ್ದನ್ನು ನೋಡಿದರು. ಆಮೇಲೆ, ಮದ್ದು ಎದೆಗೆ ಇಳಿಯುತ್ತಲೇ ಇಲ್ಲ ಎಂದರು.

ಗಂಡನ ಮುಖ ಬಾಡಿತು. "ಡಾಕ್ಟರು ಹೇಳಿದ್ದನ್ನ ಕಿವಿ ತುಂಬ ಕೇಳಿದ್ದೆ ಅಕ್ಕ. ಹೇಳಿದ್ದು ನೆನಪಿರಲ್ವಾ?"

"ಕ್ಷೌರದ ಕತ್ತಿ ಹಿಡಿಯೋದನ್ನ ನಿಮಗೆ ಯಾರು ಕಲಿಸಿದ್ರು?"

"ನಮ್ಮಪ್ಪ."

"ಬಾಯಲ್ಲಿ ಹೇಳಿ ಕಲಿಸಿದ್ರಾ?"

ಅಪ್ಪ ಮಾತಿನವನೇ ಅಲ್ಲ. ಅಪ್ಪನ ಕೈ ನೋಡಿ ನೋಡಿಯೇ ಇವನು ಕಲಿತದ್ದು. ಅಪ್ಪ ಹೋಗಿ ಎಷ್ಟೋ ಕಾಲವಾದರೂ ಆ ಬೆರಳು ತಿರುಗುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಬರೀ ಕೇಳಿದ್ದು ಬೇಗ ಜಾರಿಹೋಗತ್ತೆ," ಎಂದರು ನರ್ಸಕ್ಕ. "ಹೆದರಿದಾಗ ಇನ್ನೂ ಬೇಗ. ಕಂಡಿದ್ದು, ಕೈಯಾರೆ ಮಾಡಿದ್ದು ಉಳಿಯತ್ತೆ."

ಆಮೇಲೆ ಅವರು ಮಾಡಿ ತೋರಿಸಿದರು. ಪಂಪು ಕುಲುಕಿ, ಉಸಿರೆಲ್ಲ ಹೊರಗೆ ಬಿಟ್ಟು, ಪಂಪಿನ ಬಾಯಿಯ ಸುತ್ತ ತುಟಿ ಬಿಗಿಹಿಡಿದು, ನಿಧಾನವಾಗಿ ಉಸಿರು ಒಳಗೆಳೆಯುತ್ತ ಒತ್ತಬೇಕು. ಎಳೆದ ಉಸಿರನ್ನು ಸ್ವಲ್ಪ ಹೊತ್ತು ಹಿಡಿದಿಡಬೇಕು. ಹೆಂಡತಿ ಮಾಡಿದಳು. ಖಾಲಿ ಪಂಪು ಕೊಟ್ಟು ಗಂಡನ ಕೈಲೂ ಮಾಡಿಸಿದರು. ಅವನು ಕುಲುಕೋದನ್ನೇ ಮರೆತ. ಅವರು ಬೈಯಲಿಲ್ಲ, ಮತ್ತೆ ಮಾಡಿಸಿದರು.

ಈಗ ಅವಳು ಎಲ್ಲೂ ನಿಲ್ಲದೆ ಗಂಡನ ಜೊತೆ ಸಂತೆಗೆ ನಡೆದು ಹೋಗಿ ಬರುತ್ತಾಳೆ. ದಾರಿಯುದ್ದಕ್ಕೂ ಮಾತಾಡುತ್ತಾಳೆ. ಅವನು ಕೇಳುತ್ತಾನೆ.

ಅಕ್ಕ, ಅಣ್ಣ, ನಿಮ್ಮ ಮನೆಗೂ ಉಬ್ಬಸದ ಪಂಪೋ ಸಕ್ಕರೆ ಕಾಯಿಲೆಯ ಸೂಜಿಯೋ ಬಂದಿರಬಹುದು. ಬರೀ ತಲೆಯಾಡಿಸಿ ಎದ್ದು ಬರಬೇಡಿ. "ಒಂದು ಸಲ ಮಾಡಿ ತೋರಿಸಿ" ಅಂತ ಡಾಕ್ಟರನ್ನೋ ನರ್ಸನ್ನೋ ಕೇಳಿ. ಅವರ ಎದುರಲ್ಲೇ ನೀವೂ ಮಾಡಿ. ತಪ್ಪಿದರೆ ತಿದ್ದಿಸಿಕೊಳ್ಳಿ. ಕೇಳೋದಕ್ಕೆ ನಾಚಿಕೆ ಆಗಬಹುದು. ಮನೆಯವರ ಉಸಿರಿಗಿಂತ ನಾಚಿಕೆ ದೊಡ್ಡದಲ್ಲ.