ಒಲೆಯ ಸದ್ದೋ, ಕೈಯ ಸದ್ದೋ

"ಗಲಗಲ ಅಂತೆ. ಹೆದರ್ಲಿಕ್ಕೇನಿಲ್ಲ, ಬರ್ಲಿ," ಎನ್ನುತ್ತ ಹನೀಫಾ ಫೋನನ್ನು ಜೇಬಿಗೆ ತುರುಕಿದ.

ಕಿಟಕಿಯ ಒಳಗೆ, ತಂದೆಯ ತಲೆದೆಸೆಯಲ್ಲಿ ಕುಳಿತು ಕುರ್‌ಆನಿನ ಯಾಸೀನ್ ಅಧ್ಯಾಯ ಓದುತ್ತಿದ್ದ ಹನಾಳ ನಾಲಿಗೆ ಅರ್ಧ ಸಾಲಿನಲ್ಲೇ ನಿಂತಿತು. ಗಲಗಲ. ಅಣ್ಣನಿಗೆ ಹಾಗೆಂದು ಹೇಳಿದವರು ಯಾರು?

ಅಂದು ಬೆಳಗಿನ ನಮಾಜಿನ ಹೊತ್ತಿಗೆ ಅಬ್ದುಲ್ ಮಜೀದ್ ತೀರಿಕೊಂಡಿದ್ದರು. ಬಂಟ್ವಾಳದಲ್ಲಿ ನಲವತ್ತೈದು ವರ್ಷ ಗ್ಯಾರೇಜು ನಡೆಸಿದವರು. ಬಾನೆಟ್ ಎತ್ತುವ ಮೊದಲೇ ಎಂಜಿನಿನ ಕಾಯಿಲೆ ಹೇಳುತ್ತಿದ್ದ ಅವರನ್ನು ಊರು 'ಕೆಬಿ ಮಜೀದಾಕ' ಎಂದೇ ಕರೆಯುತ್ತಿತ್ತು. ತುಳುವಿನಲ್ಲಿ ಕೆಬಿ ಎಂದರೆ ಕಿವಿ. ಮಧ್ಯಾಹ್ನ ಕಳೆದ ಮೇಲಿನ ಅಸರ್ ನಮಾಜಿಗೆ ಮಯ್ಯತ್, ಅಂದರೆ ಶವ, ಮಸೀದಿ ಮುಟ್ಟಬೇಕು. ಮೂರೂವರೆಗೆ ಮನೆಯಿಂದ ಹೊರಡುವುದೆಂದು ನಿಶ್ಚಯವಾಗಿತ್ತು. ಹೆಂಗಸರು ದಫನಕ್ಕೆ ಹೋಗುವವರಲ್ಲ. ಮುಖ ನೋಡುವುದಿದ್ದರೆ ಅಷ್ಟರೊಳಗೆ ನೋಡಬೇಕು.

ನೋಡಬೇಕಾದವರಲ್ಲಿ ಒಬ್ಬರು ಮಾತ್ರ ಬಾಕಿ: ಮಜೀದರನ್ನು ಎತ್ತಿ ಆಡಿಸಿದ ಅಕ್ಕ, ಅಳದಂಗಡಿಯ ಬೀಫಾತಿಮಾ. ಸೊಂಟ ಮುರಿದು ಎರಡು ವರ್ಷದಿಂದ ಹಾಸಿಗೆ ಹಿಡಿದವರನ್ನು ಮಲಗಿಸಿಯೇ ತರಬೇಕು. ಅದಕ್ಕೆಂದೇ ಲಾಯಿಲದ ಚಿದಾನಂದ ಮಾಸ್ತರು ತಮ್ಮ 'ಮನೆಬಸ್ಸು' ಹೊರಡಿಸಿದ್ದರು. ಹಳೆಯದೊಂದು ಶಾಲೆಯ ಮಿನಿಬಸ್ಸಿಗೆ ಹಾಸಿಗೆ, ಗ್ಯಾಸಿನ ಒಲೆ, ನೀರಿನ ಟಾಂಕಿ ಕೂಡಿಸಿ, ನಿವೃತ್ತಿಯ ನಂತರ ಹೆಂಡತಿಯೊಡನೆ ಊರೂರು ಸುತ್ತಿದ ಗಾಡಿ ಅದು. ಇಪ್ಪತ್ತೇಳು ವರ್ಷದ ಅದರ ಎಂಜಿನನ್ನು ಇಲ್ಲಿಯವರೆಗೆ ಬದುಕಿಸಿದ್ದು ಮಜೀದರ ಕಿವಿ.

ಅಂಗಳದಲ್ಲಿ ಕುಳಿತವರ ಬಾಯಲ್ಲೂ ಅದೇ ಕಿವಿಯ ಕತೆ.

"ನನ್ನ ಜೀಪು ಒಮ್ಮೆ ಕುಂಯ್ ಕುಂಯ್ ಅಂತಿತ್ತು," ಎಂದ ಬಾಡಿಗೆ ಜೀಪಿನ ಶಂಭು. "ಮಜೀದಾಕ ಹತ್ತಿರ ಬರ್ಲೇ ಇಲ್ಲ ಮಾರಾಯ್ರೆ. ಚಾ ಕುಡಿತಾ ಕೂತಲ್ಲಿಂದಲೇ, 'ಬೆಲ್ಟ್ ಅಲ್ಲ ಶಂಭೂ, ಸೀಟಿನ ಅಡಿ ನೋಡು' ಅಂದ್ರು. ನೋಡಿದ್ರೆ ನಾಯಿಮರಿ!"

"ಮೆಲ್ಲ. ಮಯ್ಯತ್ ಇರುವ ಮನೆ," ಎಂದರು ಮಸೀದಿಯ ಜಮಾಅತಿನ ಅಧ್ಯಕ್ಷ ಶಾಹುಲ್ ಹಮೀದ್. ನಗು ಅವರ ಗಡ್ಡದೊಳಗೂ ಇತ್ತು.

ಹನಾ ತಲೆಯ ಮೇಲೆ ಶಾಲು ಎಳೆದುಕೊಂಡು ಬಾಗಿಲಿಗೆ ಬಂದಳು. "ಹನೀಫಾಕ, ಫೋನ್ ಮಾಡಿದ್ದು ಯಾರು?"

"ಬಾವಾಕ." ಬೀಫಾತಿಮಾರ ಮಗ ಬಾವಾ ತಾಯಿಯ ಜೊತೆಗಿದ್ದ. "ಪುಂಜಾಲಕಟ್ಟೆಗೆ ಮುಟ್ಟಿದ್ದಾರಂತೆ. ಎಂಜಿನಿನಲ್ಲಿ ಗಲಗಲ ಸದ್ದಂತೆ. ಸೈಲೆನ್ಸರಿನ ತಗಡು ಸಡಿಲ ಆಗಿರ್ಬೇಕು. ನಿಲ್ಲಿಸ್ಬೇಡಿ, ಬನ್ನಿ ಅಂದೆ."

"ಗಲಗಲ ಅಂತ ಹೇಳಿದ್ದು ಬಾವಾಕನಾ? ಮಾಸ್ತರಲ್ಲ?"

"ಮಾಸ್ತರಿಗೆ ಕಿವಿ ಎಲ್ಲಿ ಕೇಳ್ತದೆ? ಅವರದ್ದು ಡ್ರೈವಿಂಗ್ ಮಾತ್ರ."

ಹನಾ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

*

ಅವಳು ಆಗ ಏಳನೆಯ ತರಗತಿ. ಶಾಲೆ ಬಿಟ್ಟು ಗ್ಯಾರೇಜಿಗೆ ಬಂದಾಗ ತಂದೆ, ಅವಳ ಉಪ್ಪ, ಒಬ್ಬ ಲಾರಿಯವನಿಗೆ ತಿಳಿಹೇಳುತ್ತಿದ್ದರು: "ನೋಡು, ಗಲಗಲ ಆದರೆ ಓಡಿಸಬಹುದು. ಗಲಗಲ ಆದರೆ ಮಾತ್ರ ಕೂಡಲೇ ನಿಲ್ಲಿಸ್ಬೇಕು."

ಲಾರಿಯವನು ಬಾಯಿ ಬಿಟ್ಟು ನಿಂತಿದ್ದ.

"ಉಪ್ಪಾ, ಎರಡನೇದು ಗಳಗಳ!" ಎಂದು ಹನಾ ಬಿದ್ದು ಬಿದ್ದು ನಕ್ಕಳು.

ಮನೆಮಾತು ಬ್ಯಾರಿಯಾದ, ಶಾಲೆ ಮೆಟ್ಟದವರ ನಾಲಿಗೆಯ ಮೇಲೆ ಳಕಾರ ನಿಲ್ಲುವುದಿಲ್ಲ. ಜಾರಿ ಲಕಾರವಾಗಿ ಬೀಳುತ್ತದೆ. ತಗಡು ಅಲುಗಿದರೆ ಗಲಗಲ, ರೇಡಿಯೇಟರಿನ ನೀರು ಕುದಿದರೆ ಗಳಗಳ. ಮಜೀದರು ಹತ್ತು ಸಲ ಪ್ರಯತ್ನಿಸಿ ಸೋತರು. "ನನ್ನ ಕಿವಿಗೆ ಎರಡುಂಟು ಮಗಾ, ಬಾಯಿಗೆ ಒಂದೇ," ಎಂದರು.

ಮರುದಿನದಿಂದ ಗಿರಾಕಿಗಳನ್ನು ಕೇಳುವ ರೀತಿಯನ್ನೇ ಬದಲಿಸಿಕೊಂಡರು: "ಒಲೆಯ ಸದ್ದೋ, ಕೈಯ ಸದ್ದೋ?" ಒಲೆಯದಾದರೆ ಕುದಿಯುವ ನೀರು, ಕೈಯದಾದರೆ ಬಳೆ. ಬಳೆಯ ಸದ್ದು ಎಂದೇ ಕೇಳಬಾರದೇ ಎಂದು ಹನಾ ಕೆಣಕಿದ್ದಕ್ಕೆ, "ನಾನು ಬಲೆ ಅಂದ್ರೆ ಇವರು ಮೀನು ಹಿಡಿಲಿಕ್ಕೆ ಹೋದಾರು," ಎಂದಿದ್ದರು. ಅವಳು ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರಾದ ಮೇಲೂ, ಗ್ಯಾರೇಜಿಗೆ ಬಂದವರಿಗೆಲ್ಲ ಚಹಾ ತರಿಸಿ ಹೇಳುವ ಮಾತು ಒಂದೇ: "ನನ್ನ ತಪ್ಪು ಹಿಡಿದವಲು ಇವಲೊಬ್ಬಲೇ."

*

"ಬಾವಾಕನ ಬಾಯಲ್ಲಿ ಗಳಗಳ ಬರ್ಲಿಕ್ಕುಂಟಾ ಹನೀಫಾಕ?"

ಹನೀಫಾ ಜೇಬಿನಿಂದ ಫೋನು ಹೊರಗೆಳೆದ. ಅವನೂ ಮೆಕ್ಯಾನಿಕ್, ಮಿಕ್ಕಿದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮುಂದೆ ಏರುದಾರಿ. ಕುದಿಯುವ ಎಂಜಿನು ಏರಿನಲ್ಲಿ ಬಿಗಿಹಿಡಿದು ನಿಂತರೆ ಮತ್ತೆ ಅಲುಗುವುದಿಲ್ಲ.

"ಬಿಸಿ ತೋರಿಸುವ ಮುಳ್ಳು ನೋಡ್ಲಿಕ್ಕೆ ಹೇಳು," ಎಂದರು ಶಾಹುಲ್ ಹಮೀದ್.

"ಅದು ಕೆಟ್ಟು ಎಂಟು ವರ್ಷ ಆಯ್ತು. 'ಮಜೀದ್ ಇರುವಾಗ ಮುಳ್ಳು ಯಾಕೆ' ಅಂತ ಮಾಸ್ತರು ಸರಿ ಮಾಡ್ಲಿಕ್ಕೇ ಬಿಡ್ಲಿಲ್ಲ."

ಗಂಟೆ ಎರಡೂಮುಕ್ಕಾಲು. ಹನಾ ಅಣ್ಣನ ಫೋನು ಕಸಿದುಕೊಂಡು, ಸ್ಪೀಕರಿಗೆ ಹಾಕಿ ಕರೆ ಹಚ್ಚಿದಳು. ಅಂಗಳವೆಲ್ಲ ಕಿವಿಯಾಯಿತು.

"ಬಾವಾಕ, ಆ ಸದ್ದು ಇನ್ನೊಮ್ಮೆ ಹೇಳಿ."

"ಗಲಗಲ. ಆಗಲೇ ಅಂದೆನಲ್ಲ!"

"ಒಲೆಯ ಸದ್ದೋ, ಕೈಯ ಸದ್ದೋ?"

"ಎಂತ ಒಲೆ? ಇಲ್ಲೊಂದು ಗ್ಯಾಸಿನ ಒಲೆ ಉಂಟು. ಅದನ್ನು ನಾವು ಹೊತ್ತಿಸ್ಲಿಲ್ಲ."

ಯಾರೋ ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಆಚೆಯಿಂದ ತೆಳುವಾದ, ಆದರೆ ಗದರುವ ದನಿಯೊಂದು ಕೇಳಿಸಿತು.

"ಫೋನು ಇಲ್ಲಿ ಕೊಡು ಬಾವಾ. ಹನಾ, ಒಲೆ! ಒಲೆಯದ್ದೇ! ಈ ಎಂಜಿನ್ ಪೆಟ್ಟಿಗೆ ನನ್ನ ತಲೆಯ ಹತ್ತಿರವೇ ಉಂಟು. ಒಂದು ಸೇರು ಅಕ್ಕಿಯ ಗಂಜಿ ಕುದಿದ ಹಾಗೆ ಕುದಿತಾ ಉಂಟು."

"ನಿಲ್ಲಿಸ್ಲಿಕ್ಕೆ ಹೇಳಿ ಮಾಮಿ!"

"ಮಾಸ್ಟ್ರೇ, ನಿಲ್ಲಿಸಿ!" ಎಂದು ಬಾವಾ ಕಿರುಚಿದ್ದು ಕೇಳಿಸಿತು.

"ಆಂ? ಬೇಗ ಹೋಗ್ಲಿಕ್ಕಾ?"

"ನಿಲ್ಲಿಸ್ಲಿಕ್ಕೆ!"

ಬ್ರೇಕು ಕೀಚಿತು. ಹನೀಫಾ ಫೋನಿಗೆ ಬಾಗಿದ. "ಎಂಜಿನ್ ಆಫ್ ಮಾಡ್ಬೇಡಿ. ನಿಂತಲ್ಲೇ ಓಡ್ತಾ ಇರ್ಲಿ. ಮುಚ್ಚಳ ಮುಟ್ಲೇಬೇಡಿ, ಹಬೆ ಮುಖಕ್ಕೆ ಹಾರ್ತದೆ. ಬಾವಾಕ, ನೀರಿನ ಪೈಪಿನ ಬಾಯಲ್ಲಿ ಒಂದು ಕ್ಲಿಪ್ಪು ಉಂಟು, ನೋಡಿ."

"ಉಂಟುಂಟು. ಅಲ್ಲಿಂದ ನೀರು ಸೋರ್ತಾ ಉಂಟು."

"ಹಾಗಾದ್ರೆ ಎಂಜಿನ್ ಆಫ್ ಮಾಡಿ, ಕೈಗೆ ಬಟ್ಟೆ ಸುತ್ತಿ ಬಿಗಿ ಮಾಡಿ. ಬಿಸಿ ತಗ್ಗಿದ ಮೇಲೆ ಟಾಂಕಿಯ ನೀರು, ಸ್ವಲ್ಪ ಸ್ವಲ್ಪ."

"ತಗ್ಗಿತು ಅಂತ ಗೊತ್ತಾಗುವುದು ಹೇಗೆ?"

ಹನೀಫಾ ತಂಗಿಯ ಮುಖ ನೋಡಿದ. ಹನಾ ಫೋನನ್ನು ಬಾಯಿಯ ಹತ್ತಿರ ತಂದಳು. "ಮಾಮೀ, ನೀವು ಕೇಳ್ತಾ ಇರಿ. ನೀವು ಹೇಳುವವರೆಗೆ ಯಾರೂ ಮುಚ್ಚಳ ತೆಗಿಲಿಕ್ಕಿಲ್ಲ."

ಹನ್ನೆರಡು ನಿಮಿಷ. ಆಮೇಲೆ ಬೀಫಾತಿಮಾ ಹೇಳಿದರು, "ಗಂಜಿ ಸುಮ್ಮನಾಯ್ತು."

ಶಂಭು ಉಸಿರುಬಿಟ್ಟ. "ಕೆಬಿ ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ರೆ. ಈ ಮನೆಯಲ್ಲೇ ಉಂಟು."

"ಅಲ್ಹಮ್ದುಲಿಲ್ಲಾಹ್," ಎಂದರು ಶಾಹುಲ್ ಹಮೀದ್. ಮರುಕ್ಷಣ ದನಿ ತಗ್ಗಿಸಿ, "ಆದರೆ ಮಗಳೇ, ಮೂರೂವರೆ ಅಂದರೆ ಮೂರೂವರೆ. ಮಯ್ಯತನ್ನು ಕಾಯಿಸಬಾರದು."

"ಗೊತ್ತುಂಟು," ಎಂದಳು ಹನಾ. ಒಳಗೆ ಹೋಗಿ, ನಿಲ್ಲಿಸಿದ್ದ ಸಾಲನ್ನು ಮೊದಲಿನಿಂದ ಓದಿದಳು.

*

ಮೂರೂವರೆಗೆ ಮಯ್ಯತಿನ ಮಂಚ ಹೆಗಲೇರಿತು. ಅದು ಗೇಟು ಮುಟ್ಟುವುದಕ್ಕೂ ಮನೆಬಸ್ಸು ತಿರುವಿನಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಮೂತಿಯಿಂದ ಹಬೆ ಏಳುತ್ತಿತ್ತು. ಸ್ಟಿಯರಿಂಗಿನ ಹಿಂದೆ ಚಿದಾನಂದ ಮಾಸ್ತರು ಬೆವರಿನಲ್ಲಿ ತೊಯ್ದಿದ್ದರು.

ಬಾವಾ ಹಾರಿ ಇಳಿದ. "ಉಮ್ಮನನ್ನು ಇಲಿಸ್ಬೇಕು. ನಾಲ್ಕು ಜನ ಬನ್ನಿ. ಹತ್ತಿಸ್ಲಿಕ್ಕೇ ಕಾಲು ಗಂಟೆ ಬೇಕಾಯ್ತು."

ಕಾಲು ಗಂಟೆ ಇರಲಿಲ್ಲ. ಎಲ್ಲರೂ ಶಾಹುಲ್ ಹಮೀದರತ್ತ ನೋಡಿದರು. ಅವರು ಬಸ್ಸಿನ ಕಿಟಕಿಯನ್ನು, ಆಮೇಲೆ ಮಂಚವನ್ನು ನೋಡಿದರು.

"ಅವರನ್ನು ಇಳಿಸುವುದು ಬೇಡ," ಎಂದರು. "ಇವರನ್ನೇ ಅಲ್ಲಿಗೆ ಒಯ್ಯುವ."

ಬಾವಾ ಕಿಟಕಿಯ ಗಾಜು ಸರಿಸಿದ. ಮಂಚ ಅದರ ಮಟ್ಟಕ್ಕೆ ಬಂದು ನಿಂತಿತು. ಒಳಗೆ ಅಕ್ಕ ಮಲಗಿದ್ದರು, ಹೊರಗೆ ತಮ್ಮ. ಹನೀಫಾ ಮುಖದ ಬಟ್ಟೆ ಸರಿಸಿದ. ಬೀಫಾತಿಮಾ ಕೈಯನ್ನು ಹೊರಚಾಚಿ ತಮ್ಮನ ಹಣೆಯ ಮೇಲಿಟ್ಟರು.

"ಬಂದೆ ಮಜೀದಾ," ಎಂದರು. "ನಿನ್ನ ಮಗಲು ತಂದು ಮುಟ್ಟಿಸಿದಲು."

ಮನೆಯ ಬಾಗಿಲಲ್ಲಿ ಹನಾ ತಲೆ ಎತ್ತಿ ನಿಂತಿದ್ದಳು. ಕೆನ್ನೆ ಒರೆಸಿಕೊಳ್ಳಲೂ ಇಲ್ಲ.

ಮಂಚದ ಹಿಂದಿನ ಮೂಲೆಗೆ ಹೆಗಲು ಕೊಟ್ಟವನು ಶಂಭು. ಮಿಕ್ಕವರಿಗಿಂತ ಗೇಣು ಗಿಡ್ಡ. ಮಂಚ ವಾಲಬಾರದೆಂದು ಅವನು ಚಪ್ಪಲಿ ಕಳಚಿ ತುದಿಗಾಲಲ್ಲಿ ನಿಂತಿದ್ದ. ಮೀನಖಂಡಗಳು ನಡುಗುತ್ತಿದ್ದವು. ಬೀಫಾತಿಮಾ ಕೈ ಹಿಂತೆಗೆಯುವವರೆಗೂ ಅವನ ಹಿಮ್ಮಡಿಗಳು ನೆಲ ಮುಟ್ಟಲಿಲ್ಲ.